ಒಂದನೇ ಸಿಲಿಂಡರಿನ ಗಾಳಿ

ಮಾರ್ಚ್ 3, ಸಂಜೆ
ಅಣ್ಣನ ಕಾರಿನ ಡೀಸೆಲ್ ಪಂಪ್ ರಿಪೇರಿಯಾಗಿ ಬಂತು. ಬಿಚ್ಚಿ ಕಳಿಸಿದ್ದು ಅವನೇ. ಕೂರಿಸಲು ಅವನಿಲ್ಲ.
ಇಂಜೆಕ್ಟರ್‌ಗಳನ್ನೆಲ್ಲ ತೆಗೆದಿಟ್ಟೆ. ಇಂಜಿನ್ನಿನ ಪುಲ್ಲಿ ಚಕ್ರಕ್ಕೆ ಸ್ಪ್ಯಾನರ್ ಹಾಕಿ ತಿರುಗಿಸುತ್ತ ಒಂದನೇ ಸಿಲಿಂಡರಿನಲ್ಲಿ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಕೂರುವ ತೂತಿಗೆ ಹೆಬ್ಬೆರಳಿಟ್ಟೆ. ಪಿಸ್ಟನ್ ಎರಡು ಸಲ ಮೇಲೆ ಬರುತ್ತದೆ. ಒಮ್ಮೆ ಸುಮ್ಮನೆ, ಇನ್ನೊಮ್ಮೆ ಗಾಳಿ ಒತ್ತಿಕೊಂಡು. ಗಾಳಿ ಬಂದಾಗಲೇ, ತುತ್ತತುದಿಯಲ್ಲಿ ನಿಲ್ಲಿಸಿ ಪಂಪ್ ಕೂರಿಸಬೇಕು. ತಪ್ಪಿದರೆ ಕಾರು ಸ್ಟಾರ್ಟ್ ಆಗುವುದಿಲ್ಲ.
ನಿಲ್ಲಿಸಿದೆ. ಪುಲ್ಲಿ ಮೇಲೆ ಚಾಕ್ ಗುರುತು. ಪಂಪಿನಡಿ ಹಾಕುವ ಗ್ಯಾಸ್ಕೆಟ್ ಸಿಗಲಿಲ್ಲ... ನಾಲ್ಕು ದಿನ ಕಾಯಬೇಕಂತೆ.
ಅಮ್ಮ ಬಂದಳು. "ಬೇಗ ಮುಗಿಸೋ. ಶನಿವಾರ ಕಾರು ಕೊಂಡ ಟ್ಯಾಕ್ಸಿಯವನು ತಗೊಂಡು ಹೋಗ್ಲಿ. ಅದು ಕಣ್ಣೆದುರಿಗೆ ಇರೋ ತನಕ ನಿನ್ನ ಅತ್ತಿಗೆ ಸರಿಹೋಗಲ್ಲ."

ಮಾರ್ಚ್ 4
ಗುರುತು ಸರಿದಿದೆ. ಪಿಸ್ಟನ್ ಕೆಳಗೆ.
ಶೆಡ್ಡಿನ ಬೀಗ ಹಾಕಿದ ಹಾಗೇ ಇದೆ. ಇಲಿ ಅನ್ನೋಣವೆಂದರೆ ಸ್ಪ್ಯಾನರ್ ಹಿಡಿಯುವ ಇಲಿ ಇನ್ನೂ ಹುಟ್ಟಿಲ್ಲ. ಮತ್ತೆ ಮೇಲೆ ತಂದಿಟ್ಟೆ.

ಮಾರ್ಚ್ 5
ಮತ್ತೆ ಕೆಳಗೆ.
ನನ್ನ ಕೆಲಸ ಅಣ್ಣನಿಗೆ ಯಾವತ್ತೂ ಹಿಡಿಸಿದ್ದಿಲ್ಲ. "ಇನ್ನೊಂದ್ಸಲ ನೋಡೋ" ಅನ್ನುತ್ತಿದ್ದ. ಹೋದ ಮೇಲೂ ಬಿಡಲಿಲ್ಲವಾ? ನಾಚಿಕೆಗೇಡು, ಆದರೂ ಬರೆಯುತ್ತೇನೆ — "ಅಣ್ಣಾ" ಅಂತ ಕರೆದೇಬಿಟ್ಟೆ. ಉತ್ತರ ಬಂದುಬಿಟ್ಟರೆ ಅಂತ ಹೆದರಿಕೆ. ಬರಲಿಲ್ಲ ಅಂತ ಅಳು.

ಮಾರ್ಚ್ 7, ಶನಿವಾರ, ಬೆಳಗ್ಗೆ
ನಿನ್ನೆ ಬರೆಯುವ ಮನಸ್ಸಾಗಲಿಲ್ಲ. ಇವತ್ತು ಬೇಗ ಎದ್ದು ಶೆಡ್ಡಿಗೆ ಹೋದೆ. ಬೀಗ ತೆರೆದಿತ್ತು, ಅದರಲ್ಲಿ ಅಣ್ಣನ ಬೀಗದ ಕೈ.
ಒಳಗೆ ಅತ್ತಿಗೆ. ಒಂದು ಕೈ ಸ್ಪ್ಯಾನರ್ ಮೇಲೆ, ಇನ್ನೊಂದರ ಹೆಬ್ಬೆರಳು ಆ ತೂತಿನ ಮೇಲೆ. ಕಣ್ಣು ಮುಚ್ಚಿದ್ದರು.
"ದಿನಾ ನೀವೇನಾ ಅತ್ತಿಗೆ?"
"ಬೈಬೇಡ ಕಣೋ. ನಿಮ್ಮಣ್ಣ ಇಲ್ಲಿ ಬೆರಳಿಡ್ತಿದ್ರು, ನಾನು ತಿರುಗಿಸ್ತಿದ್ದೆ. ಬೆರಳಿಗೆ ಏನು ಗೊತ್ತಾಗುತ್ತೆ ಅಂತ ಒಂದಿನಾನೂ ಕೇಳಿರಲಿಲ್ಲ."
ನನ್ನ ಕೈ ಎಳೆದು ಅಲ್ಲಿಟ್ಟರು. ಮೆಲ್ಲಗೆ ತಿರುಗಿಸಿದರು.
"ಬಂತಾ?"
ಬಂತು.
"ಉಸಿರು ಬಿಟ್ಟ ಹಾಗೇ ಇಲ್ವಾ?"
ಬರೀ ಗಾಳಿ ಅತ್ತಿಗೆ ಅನ್ನಬೇಕಿತ್ತು.
"ಇವತ್ತು ಅದನ್ನ ಮುಚ್ಚಿಬಿಡ್ತೀಯಲ್ಲ," ಅಂದರು.

ಮಧ್ಯಾಹ್ನ
ಗ್ಯಾಸ್ಕೆಟ್ ಬಂತು. ಪಂಪ್ ಕೂರಿಸಿದೆ. ಮೂರು ಇಂಜೆಕ್ಟರ್ ಬಿಗಿದಾಯಿತು. ಟ್ಯಾಕ್ಸಿಯವನು ಬಂದು ಕೂತಿದ್ದಾನೆ.
ಉಳಿದದ್ದು ಒಂದನೆಯದು. ಅತ್ತಿಗೆ ಅಲ್ಲೇ ನಿಂತಿದ್ದಾರೆ, ಬೆರಳು ತೆಗೆಯುತ್ತಿಲ್ಲ. ಕೈ ತೊಳೆಯುವ ನೆಪದಲ್ಲಿ ಒಳಗೆ ಬಂದು ಇದನ್ನು ಗೀಚುತ್ತಿದ್ದೇನೆ. ಅಮ್ಮ ಎರಡು ಸಲ ಕೂಗಿದಳು.
ಆಸ್ಪತ್ರೆಯಲ್ಲಿ ಅಣ್ಣನ ಉಸಿರು ನಿಂತ ಮೇಲೆ ಅವನ ಕೈಯಿಂದ ಅತ್ತಿಗೆಯ ಕೈ ಬಿಡಿಸಿದ್ದು ನಾನು. ಯಾರಿಗೂ ಆಗಲಿಲ್ಲ, ನೀನೇ ಬಿಡಿಸಪ್ಪಾ ಅಂದರು. ಈಗ ಮತ್ತೆ ನಾನೇ ಹೋಗಿ—