ಡ್ರಮ್ಮುಗಳ ನಡುವೆ ಒಂದು ಮೈಕು

ಮಾರ್ಚ್ ೩, ಸೋಮವಾರ

ಎದ್ದು ಮೈಕ್ ಸೆಟ್ಟಿನ ಧೂಳು ಒರೆಸಿದೆ. ಬಾಡಿಗೆಗೆ ಕೇಳುವವರಿಲ್ಲ, ಆದರೂ ಒರೆಸುವುದು ಬಿಟ್ಟಿಲ್ಲ. ಬ್ಯಾಟರಿಗೆ ನೀರು ಹಾಕಿದೆ. ಹಾರ್ನಿನೊಳಗೆ ಜೇಡವೊಂದು ಸಂಸಾರ ಹೂಡಿತ್ತು — ಎಬ್ಬಿಸಿ ಕಳಿಸಿದೆ.

ಮೊದಲಾದರೆ ಈ ಹೊತ್ತಿಗೆ ಯಾರಿಗಾದರೂ ಕಾಗದ ಬರೆಯುತ್ತಿದ್ದೆ. ಶಾಲೆ ಕಂಡವಳಲ್ಲ, ಅಂಗಡಿ ಬೋರ್ಡು, ಪೊಟ್ಟಣದ ಪೇಪರು ಓದಿ ಕಲಿತ ಅಕ್ಷರ. ಆದರೂ 'ಇತ್ತ ಕ್ಷೇಮ' ಎಂದು ಶುರು ಮಾಡಿದರೆ ನಾಲ್ಕು ಪುಟಕ್ಕೆ ಕಡಿಮೆ ಇಲ್ಲ. ಈಗ ಬರೆಯಬೇಕಾದವರೆಲ್ಲ ಇದೇ ಬೀದಿಯಲ್ಲಿದ್ದಾರೆ. ದೊಡ್ಡ ತಮ್ಮ ಈಚೆ ಸಾಲಿನಲ್ಲಿ, ಚಿಕ್ಕ ತಮ್ಮ ಆಚೆ ಸಾಲಿನಲ್ಲಿ. ನಡುವೆ ಉದ್ದಕ್ಕೂ ಮರಳು ತುಂಬಿದ ಕಬ್ಬಿಣದ ಡ್ರಮ್ಮುಗಳು. ಈಚೆ ಸಾಲು ಒಂದು ಪಕ್ಷ, ಆಚೆ ಸಾಲು ಇನ್ನೊಂದು; ಅವರ ಗಲಾಟೆಯ ಕಾಲದಲ್ಲಿ ಪೊಲೀಸರು ಇಟ್ಟಿದ್ದು. ಸ್ಟ್ಯಾಂಪು ಅಂಟಿಸಿದರೂ ಕಾಗದ ಆ ಕಡೆಗೆ ದಾಟುವುದಿಲ್ಲ. ಹಾಗಾಗಿ ಈ ಪುಸ್ತಕಕ್ಕೇ ಬರೆಯುತ್ತೇನೆ. ಇದು ಉತ್ತರ ಕೊಡುವುದಿಲ್ಲ, ಅದೊಂದು ನೆಮ್ಮದಿ.

ಸಂಜೆ ರೇಡಿಯೋ ಸುದ್ದಿ: ಎರಡೂ ಪಕ್ಷದ ದೊಡ್ಡ ಮನುಷ್ಯರು ರಾಜಧಾನಿಯಲ್ಲಿ ಕೈ ಕುಲುಕಿದರಂತೆ. ಜಂಟಿ ಸರ್ಕಾರವಂತೆ. ಇನ್ನು ದೇಶ ಒಂದೇ ಅಂತೆ. ಒಟ್ಟಿಗೆ ಊಟವೂ ಆಯಿತಂತೆ. ಆಗಲಿ, ಉಂಡವರಿಗೆ ಜೀರ್ಣವಾಗಲಿ. ಅವರ ಮಾತು ನಂಬಿ ಇಲ್ಲಿ ತಲೆ ಒಡೆದುಕೊಂಡವರಿಗೆ ಯಾರೂ ಎಲೆ ಹಾಕಲಿಲ್ಲ.

ಮಾರ್ಚ್ ೫, ಬುಧವಾರ

ನಗರಸಭೆಯ ಮೇಸ್ತ್ರಿ ಲಾರಿ ತಂದ. ಡ್ರಮ್ಮು ತೆಗೆಯಲು ಆರ್ಡರ್ ಆಗಿದೆ. ಮೊದಲ ಡ್ರಮ್ಮಿಗೆ ಹಗ್ಗ ಹಾಕುವಷ್ಟರಲ್ಲಿ ಎರಡೂ ಸಾಲು ಬೀದಿಗೆ ಬಂತು. ಈಚೆ ಸಾಲಿನ ಮುಖಂಡ ನನ್ನ ದೊಡ್ಡವನು. ಆಚೆಯ ಮುಖಂಡ ಚಿಕ್ಕವನು. ಇಬ್ಬರನ್ನೂ ತಾಯಿಯಿಲ್ಲದ ಮನೆಯಲ್ಲಿ ಈ ಕೈಯಲ್ಲೇ ತೊಳೆದು, ಬಳಿದು, ದೊಡ್ಡ ಮಾಡಿದ್ದು. ಮುಖಂಡರಾಗಲಿ ಅಂತಲ್ಲ.

"ಮೇಸ್ತ್ರಿಗಳೇ, ಅವರಿಗೆ ಹೇಳಿ. ಮೊದಲು ತಪ್ಪು ಒಪ್ಪಿಕೊಳ್ಳಲಿ, ಆಮೇಲೆ ಡ್ರಮ್ಮು" — ದೊಡ್ಡವನು.

"ಮೇಸ್ತ್ರಿಗಳೇ, ಶುರು ಮಾಡಿದ್ದು ಯಾರು ಅಂತ ಅವರನ್ನೇ ಕೇಳಿ" — ಚಿಕ್ಕವನು.

ಕೈ ಚಾಚಿದರೆ ಮುಟ್ಟುವ ದೂರ. ಆದರೂ ಮಾತು ಮೇಸ್ತ್ರಿಯ ಮೂಲಕ. ಪಾಪ, ಅವನು ಕತ್ತು ಅತ್ತ ಇತ್ತ ತಿರುಗಿಸಿ ಸುಸ್ತಾದ. "ಅಮ್ಮಾ, ನಾನು ಲಾರಿ ತಂದಿದ್ದೀನಾ, ಅಂಚೆ ಚೀಲ ತಂದಿದ್ದೀನಾ?" ಎಂದು ನನ್ನನ್ನು ಕೇಳಿದ. "ಇಬ್ಬರೂ ಒಟ್ಟಿಗೆ ಬಂದು ಎತ್ತು ಅಂದರೆ ಬರ್ತೀನಿ. ಇಲ್ಲಾಂದ್ರೆ ಮುಂದಿನ ಕಲ್ಲು ನನ್ನ ಬುರುಡೆಗೆ." ಖಾಲಿ ಲಾರಿ ಹಿಂದೆ ಹೋಯಿತು.

ಕಲ್ಲಿನ ವಿಷಯ ಬರೆಯಬಾರದು ಅಂದುಕೊಂಡಿದ್ದೆ. ಗಲಾಟೆಯ ದಿನ ದೊಡ್ಡವನ ಎಡಗಣ್ಣಿಗೆ ಬಿತ್ತು. ಕಣ್ಣು ಹೋಯಿತು. ಎಸೆದವನು ಯಾರೋ. ಆ ಗುಂಪಿನಲ್ಲಿ ಚಿಕ್ಕವನಿದ್ದ, ಅಷ್ಟು ಮಾತ್ರ ಎಲ್ಲರಿಗೂ ಗೊತ್ತು. ದೊಡ್ಡವನು ಕೇಳಲಿಲ್ಲ. ಚಿಕ್ಕವನು ಹೇಳಲಿಲ್ಲ. ನಮ್ಮ ಶಾಮಿಯಾನದ ಅಂಗಡಿಯನ್ನು ಮಾತ್ರ ಪಾಲು ಮಾಡಿಕೊಂಡರು. ಒಬ್ಬ ಕಂಬ ಒಯ್ದ, ಇನ್ನೊಬ್ಬ ಬಟ್ಟೆ ಒಯ್ದ. ಈಗ ಇಬ್ಬರಿಗೂ ಬಾಡಿಗೆ ಇಲ್ಲ. ಬುದ್ಧಿವಂತರು. ಮೈಕ್ ಸೆಟ್ಟಿಗೆ ಜಗಳ ಬಗೆಹರಿಯದೆ ನನ್ನ ಹತ್ತಿರವೇ ಉಳಿಯಿತು.

ಮಾರ್ಚ್ ೯, ಭಾನುವಾರ

ಎರಡೂ ಮನೆಗೆ ಹೋಗಿ ಬಂದೆ. ನನ್ನ ಕೋಣೆ ಬೀದಿಯ ತಲೆಯಲ್ಲಿ, ಅಂಗಡಿಯ ಮೇಲೆ. ಯಾವ ಸಾಲಿಗೂ ಸೇರಿದ್ದಲ್ಲ. ದೊಡ್ಡವನ ಮನೆಯಿಂದ ಚಿಕ್ಕವನ ಮನೆಗೆ ಎದುರಿಗೇ ಬಾಗಿಲು. ಡ್ರಮ್ಮಿನ ದೆಸೆಯಿಂದ ಹಿಂದಿನ ರಸ್ತೆ ಸುತ್ತಿ ಹೋಗಬೇಕು. ಮಂಡಿ ಬಾಯಿಗೆ ಬಂತು.

ದೊಡ್ಡವನು ಅಂದ: "ಅಕ್ಕ, ಇದು ರಾಜಕೀಯ. ನಿಂಗೆ ಗೊತ್ತಾಗಲ್ಲ. ತಲೆ ಹಾಕಬೇಡ."

ಚಿಕ್ಕವನು ಅಂದ: "ಅಕ್ಕ, ತಲೆ ಹಾಕಬೇಡ. ಇದು ರಾಜಕೀಯ. ನಿಂಗೆ ಗೊತ್ತಾಗಲ್ಲ."

ಇಷ್ಟರಲ್ಲಾದರೂ ಒಮ್ಮತವಿದೆ.

ಆಯಿತು. ಗೊತ್ತಾಗದವಳು ಏನು ಮಾಡುತ್ತಾಳೆ ನೋಡಿಕೊಳ್ಳಿ.

ಮಾರ್ಚ್ ೧೦, ಸೋಮವಾರ. ಮಧ್ಯಾಹ್ನ

ಮಾಡಿಯೇ ಬಿಟ್ಟೆ!

ಬೆಳಿಗ್ಗೆ ಎರಡು ಡ್ರಮ್ಮಿನ ನಡುವೆ ಮಡಚುವ ಟೇಬಲ್ಲು, ಒಂದು ಕುರ್ಚಿ. ಕ್ಷೌರದವನ ಕೈ ಕಾಲು ಹಿಡಿದು ಹಾರ್ನನ್ನು ದೀಪದ ಕಂಬಕ್ಕೆ ಕಟ್ಟಿಸಿದೆ. ಹಲೋ, ಹಲೋ, ಮೈಕ್ ಟೆಸ್ಟಿಂಗ್. ಕಿಟಕಿಗಳು ತೆರೆದವು.

"ಬೀದಿಯ ಮಹಾಜನರೇ" ಅಂದೆ. "ಈಚೆ ಸಾಲಿನ ಮುಖಂಡರು ಭಾಷಣದಲ್ಲಿ ಹೇಳೋದು ಕೇಳಿದ್ದೀರಿ — ನಾವು ಯಾರಪ್ಪನಿಗೂ ಹೆದರೋರಲ್ಲ ಅಂತ. ನಿಜ, ಅಪ್ಪನಿಗೆ ಹೆದರಲಿಲ್ಲ. ಕೋಳಿಗೆ ಹೆದರುತ್ತಿದ್ದ. ಮೀಸೆ ಚಿಗುರೋ ತನಕ, ಕೋಳಿ ಅಡ್ಡ ಬಂದರೆ ಅಕ್ಕ ಬಂದು ಉಸ್ಸ್ ಅನ್ನಬೇಕು. ಇಲ್ಲದಿದ್ದರೆ ಅಲ್ಲೇ ನಿಂತು ಚಡ್ಡಿ..."

ಮುಂದಿನದು ನಗುವಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಆಚೆ ಸಾಲು ಬಿದ್ದು ಬಿದ್ದು ನಕ್ಕಿತು.

"ನಗ್ರಿ, ನಗ್ರಿ" ಅಂದೆ. "ನಾಳೆ ನಿಮ್ಮ ಸರದಿ."

ಮಾರ್ಚ್ ೧೧

ಚಿಕ್ಕವನದು. ಪ್ರಾಮಾಣಿಕತೆಯ ಬಗ್ಗೆ ಭಾಷಣ ಮಾಡುವ ಮಹಾನುಭಾವರು ಸಕ್ಕರೆ ಡಬ್ಬಿ ಖಾಲಿ ಮಾಡಿ, ಗೊತ್ತಾಗದಿರಲೆಂದು ಉಪ್ಪು ತುಂಬಿಟ್ಟ ಕಥೆ. ಅಪ್ಪ ಮೊದಲ ಗುಟುಕು ಚಹಾ ಕುಡಿದ ಮುಖವನ್ನೂ ಮಾಡಿ ತೋರಿಸಿದೆ. ಮೈಕಿನಲ್ಲಿ ಮುಖ ಕಾಣುವುದಿಲ್ಲ ಎಂದು ಆಮೇಲೆ ನೆನಪಾಯಿತು.

ಸಂಜೆ ಒಬ್ಬೊಬ್ಬರೇ ಮೆಟ್ಟಿಲು ಹತ್ತಿ ಬರತೊಡಗಿದರು. ಟೈಲರು, ಹಾಲಿನವಳು, ಆಚೆ ಸಾಲಿನ ಖಜಾಂಚಿ. "ನನ್ನದು ಹೇಳಲ್ಲ ತಾನೇ ಅಕ್ಕ?" ಎಲ್ಲರನ್ನೂ ಚಡ್ಡಿಯಲ್ಲೂ ಲಂಗದಲ್ಲೂ ನೋಡಿದವಳು ನಾನು. ಹೇಳುವುದಿಲ್ಲ ಅಂದೆ. ಖಂಡಿತಾ ಎಂದು ಮಾತ್ರ ಅನ್ನಲಿಲ್ಲ.

ತಮ್ಮಂದಿರು ಇಬ್ಬರೂ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಬಿಡಲಿ.

ಮಾರ್ಚ್ ೧೪, ಶುಕ್ರವಾರ

ಇವತ್ತು ನಾಲಿಗೆ ಎಡವಿತು. ಬಾಡಿಗೆಯ ದೊಡ್ಡ ಹಂಡೆಯೊಳಗೆ ಇಳಿದು ಸಿಕ್ಕಿಬಿದ್ದದ್ದು, ಮೈಗೆಲ್ಲ ಎಣ್ಣೆ ಸುರಿದು ಎಳೆದು ತೆಗೆದದ್ದು — ಅದು ದೊಡ್ಡವನ ಹೆಸರಿಗೆ ಹೋಯಿತು. ವಯಸ್ಸಾಯಿತು ನೋಡು.

ಮಧ್ಯಾಹ್ನ ದೊಡ್ಡವನ ಹೆಂಡತಿ ಬಂದಳು. "ಅತ್ತಿಗೆ, ಹಂಡೆಯಲ್ಲಿದ್ದಿದ್ದು ಇವರಲ್ಲವಂತೆ. ಊಟ ಬಿಟ್ಟು ಕೂತಿದ್ದಾರೆ."

"ಅಲ್ಲ, ಚಿಕ್ಕವನು. ನಂದೇ ತಪ್ಪು."

"ಅದನ್ನೇ ಬೆಳಗಿಂದ ಹೇಳ್ತಿದ್ದಾರೆ. ಗೋಡೆಗೆ, ನನಗೆ, ಬೆಕ್ಕಿಗೆ. 'ಅವನು ಒಳಗಿಂದ ಅಣ್ಣಾ ಅಣ್ಣಾ ಅಂತ ಅಳ್ತಿದ್ದ, ಎಳೆದು ತೆಗೆದಿದ್ದು ನಾನು ಕಣೇ' ಅಂತ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಇವರ ಬಾಯಲ್ಲಿ ಮೈದುನನ ಸುದ್ದಿ ಕೇಳಿ ಎಷ್ಟು ದಿನ ಆಗಿತ್ತು ಅತ್ತಿಗೆ..."

ಅವಳು ಹೋದ ಮೇಲೆ ಲೆಕ್ಕ ಹಾಕಿದೆ. ಕೋಳಿಯ ಕಥೆಗೆ ದೊಡ್ಡವನು ಬರಲಿಲ್ಲ. ಸಕ್ಕರೆಯ ಕಥೆಗೆ ಚಿಕ್ಕವನು ಬರಲಿಲ್ಲ. ನಿಜ ಹೇಳಿದರೆ ಬಾಗಿಲು ಹಾಕಿಕೊಳ್ಳುತ್ತಾರೆ. ತಪ್ಪು ಹೇಳಿದರೆ?

ಮಾರ್ಚ್ ೧೬, ಭಾನುವಾರ

ತಪ್ಪು ಹೇಳಿದೆ. ಬೇಕೆಂದೇ. ಈ ಸಲ ಮಾನ ಕಳೆಯುವಂಥದ್ದಲ್ಲ, ಹೆಸರು ತರುವಂಥದ್ದು. ಮದುವೆಯೊಂದರಲ್ಲಿ ಶಾಮಿಯಾನಕ್ಕೆ ಬೆಂಕಿ ಹತ್ತಿದಾಗ ಹಗ್ಗ ಕೊಯ್ದು, ಉರಿಯುವ ಬಟ್ಟೆಯನ್ನು ಪಕ್ಕಕ್ಕೆ ಕೆಡವಿ, ಜನರನ್ನು ಉಳಿಸಿದ್ದು ಚಿಕ್ಕವನು. ಅಂಗೈಯಲ್ಲಿ ಗುರುತು ಇನ್ನೂ ಇದೆ. ಮೈಕಿನಲ್ಲಿ ಅಷ್ಟನ್ನೂ ದೊಡ್ಡವನಿಗೆ ಕೊಟ್ಟೆ. ಚಪ್ಪಾಳೆ ತಟ್ಟಿ ಅಂದೆ. ಈಚೆ ಸಾಲು ತಟ್ಟಿತು.

ಆಚೆ ಬಾಗಿಲು ಧಡಾರನೆ ತೆರೆಯಿತು. ಬನಿಯನ್ನಿನಲ್ಲೇ ಓಡಿ ಬಂದ. ಡ್ರಮ್ಮಿನ ಮೇಲೆ ಅಂಗೈ ಹೊಡೆದ. "ಅಕ್ಕಾ! ನಾನು! ಹಗ್ಗ ಕೊಯ್ದಿದ್ದು ನಾನು! ಬೇಕಾದರೆ ಅವನನ್ನೇ ಕೇಳು!"

"ಅವನು ಅಂದರೆ ಯಾರು?"

ಕತ್ತೆತ್ತಿದ. ಎದುರಿನ ಕಿಟಕಿಯಲ್ಲಿ ದೊಡ್ಡವನು ನಿಂತಿದ್ದ. ಇಬ್ಬರೂ ನೋಡಿಕೊಂಡರು. ದೊಡ್ಡವನು ಕಿಟಕಿ ಹಾಕಲಿಲ್ಲ.

ಮಾರ್ಚ್ ೧೭, ಸೋಮವಾರ

ದಫೇದಾರರು ಬಂದರು. ನನ್ನ ಮೇಲೆ ದೂರು.

"ಯಾರು ಕೊಟ್ಟಿದ್ದು?"

"ಎರಡೂ ಕಡೆಯವರು, ಅಮ್ಮ."

"ಬೇರೆ ಬೇರೆ ಬಂದರೋ, ಒಟ್ಟಿಗೋ?"

"ಠಾಣೆಗೆ ಒಟ್ಟಿಗೇ ಬಂದರು. ಒಂದೇ ಬೆಂಚಲ್ಲಿ ಕೂತರು. ಈ ತುದಿಗೊಬ್ಬ, ಆ ತುದಿಗೊಬ್ಬ."

ನಗು ತಡೆಯಲಾಗಲಿಲ್ಲ. ಬೀದಿ ಒಡೆದ ಮೇಲೆ ಇವರಿಬ್ಬರೂ ಒಪ್ಪಿದ ಮೊದಲ ಮಾತು — ಅಕ್ಕನ ಬಾಯಿ ಮುಚ್ಚಿಸಬೇಕು. ನನ್ನ ಬಾಯಿಂದ ಇಷ್ಟು ಉಪಕಾರವಾಗುತ್ತದೆ ಎಂದು ಗೊತ್ತಿದ್ದರೆ ಮೊದಲೇ ತೆರೆಯುತ್ತಿದ್ದೆ.

"ಮೈಕು ಎತ್ತಿಕೊಂಡು ಹೋಗಬೇಕಾಗುತ್ತೆ" ಅಂದರು.

"ಹೋಗಿ. ಗಂಟಲು ನನ್ನದು, ಅದನ್ನ ಬಿಟ್ಟು ಹೋಗಿ."

ಕೊನೆಗೆ ಚಹಾ ಕುಡಿದರು. ನನ್ನ ಷರತ್ತು ಒಂದೇ: ನಾನು ಹೇಳಿದ್ದು ತಪ್ಪಾದರೆ ಇಬ್ಬರೂ ಬಂದು ತಿದ್ದಲಿ, ಆಮೇಲೆ ಸುಮ್ಮನಾಗುತ್ತೇನೆ. ದಫೇದಾರರು ತಲೆ ಕೆರೆದುಕೊಂಡು, "ನ್ಯಾಯವಾಗೇ ಇದೆ" ಅಂದರು.

ಮಾರ್ಚ್ ೧೮, ಮಂಗಳವಾರ

ಬಂದರು. ದೊಡ್ಡವನು ಡ್ರಮ್ಮಿನ ಈಚೆ ಕುರ್ಚಿ ಹಾಕಿಕೊಂಡ, ಚಿಕ್ಕವನು ಆಚೆ. ನಾನು ನಡುವೆ. ಬೀದಿಯೆಲ್ಲ ಕಿವಿ.

"ಹಂಡೆಯಲ್ಲಿ ಬಿದ್ದಿದ್ದು ನಾನಲ್ಲ" — ದೊಡ್ಡವನು, ಮೈಕಿಗೆ.

"ಬಿದ್ದಿದ್ದಲ್ಲ, ನೂಕಿದ್ದು" — ಚಿಕ್ಕವನು, ಅವನೂ ಮೈಕಿಗೆ.

"ಯಾರೋ ನೂಕಿದ್ದು? ಒಳಗೆ ಕೂತರೆ ದನಿ ಗುಂಯ್ ಅನ್ನುತ್ತೆ ಅಂತ ನೀನೇ ಇಳಿದೆ!"

"ನೀನೇ ಹೇಳಿದ್ದು ಹಾಗೆ ಅನ್ನುತ್ತೆ ಅಂತ!"

"ಹೇಳಿದರೆ ಇಳಿಯೋದಾ? ಕತ್ತೆ!"

"ಏಳು ವರ್ಷದವನು ನಾನು! ಅಣ್ಣ ಹೇಳಿದ ಅಂತ ಇಳಿದೆ!"

ಬೀದಿ ನಗುತ್ತಿತ್ತು. ಇವರಿಬ್ಬರೂ ಮೈಕು ಮರೆತು ಒಬ್ಬರ ಮುಖ ಒಬ್ಬರು ನೋಡಿಕೊಂಡೇ ಕೂಗುತ್ತಿದ್ದರು. ನಗು ನಿಂತ ಮೇಲೂ ಹಾಗೇ ನೋಡುತ್ತ ಕೂತರು. ಆಮೇಲೆ ದೊಡ್ಡವನು ತಗ್ಗಿದ ದನಿಯಲ್ಲಿ ಕೇಳಿದ: "ಆವತ್ತು ನೀನು ಎಲ್ಲಿದ್ದೆ?"

ಮೈಕ್ ಆಫ್ ಮಾಡಿದೆ. ಕೆಲವು ಮಾತು ಬೀದಿಗಲ್ಲ.

ಚಿಕ್ಕವನು ನೆಲ ನೋಡಿದ. "ಅಲ್ಲೇ ಇದ್ದೆ. ಎಸೆದಿದ್ದು ನಾನಲ್ಲ. ಪಕ್ಕದಲ್ಲಿದ್ದವನು ಕಲ್ಲು ಎತ್ತಿದ್ದು ಕಂಡೆ... ಅವನ ಕೈ ಹಿಡೀಬಹುದಿತ್ತು. ಹಿಡೀಲಿಲ್ಲ, ಅಣ್ಣ."

"ಯಾಕೆ?"

"ಈಚೆ ಯಾರಿಗೆ ಬಿದ್ದರೂ ಬೀಳಲಿ ಅನ್ನಿಸಿತ್ತು ಆವತ್ತು. ನೀನಿರ್ತೀಯ ಅಂತ ತಲೇಲೇ ಇರಲಿಲ್ಲ."

ದೊಡ್ಡವನು ಎಡಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡು, "ಕ್ಷಮಿಸಿದೆ ಅಂತ ಹೇಳಲ್ಲ ನಾನು" ಅಂದ.

"ಬೇಡ."

"ಪಕ್ಷಾನೂ ಬಿಡಲ್ಲ."

"ನಾನೂ ಬಿಡಲ್ಲ."

"ಬಿಡಿ ಅಂದವರು ಯಾರ್ರೋ?" ನಾನು ರೇಗಿದೆ. "ಬೇಕಾದವರಿಗೆ ಓಟು ಹಾಕಿಕೊಂಡು ಸಾಯಿರಿ. ಬೀದಿಗೆ ದಾರಿ ಬಿಡಿ!"

ದೊಡ್ಡವನು ಏಳಲು ಡ್ರಮ್ಮಿನ ಮೇಲೆ ಕೈ ಊರಿದ. ಒಂದೇ ಕಣ್ಣಿಗೆ ದೂರ ತಿಳಿಯುವುದಿಲ್ಲ; ಕೈ ಗಾಳಿಗೆ ಹೋಯಿತು. ಮುಗ್ಗರಿಸಿದ. ಆಚೆಯಿಂದ ಚಿಕ್ಕವನು ಮೊಣಕೈ ಹಿಡಿದುಕೊಂಡ. ಕೂಡಲೇ ಬಿಡಲಿಲ್ಲ. ಇವನೂ ಬಿಡಿಸಿಕೊಳ್ಳಲಿಲ್ಲ.

ಮಾರ್ಚ್ ೨೧, ಶುಕ್ರವಾರ

ಮೈಗೆ ಬೆಂಕಿ ಬಿದ್ದಂತಾಗಿದೆ. ತಮ್ಮಂದಿರು ಒಟ್ಟಿಗೆ ಹೋಗಿ ಮೇಸ್ತ್ರಿಗೆ ಹೇಳಿ ಬಂದಿದ್ದರು, ನಾಳೆ ಲಾರಿ ಬರುವುದಿತ್ತು. ಅಷ್ಟರಲ್ಲಿ ಎರಡೂ ಪಕ್ಷದ ಕಚೇರಿಯಿಂದ ಫೋನು. ಡ್ರಮ್ಮು ಮುಟ್ಟಬೇಡಿ. ಮುಂದಿನ ವಾರ ದೊಡ್ಡವರಿಬ್ಬರೂ ಬರುತ್ತಾರೆ. ಟಿವಿಯವರು ಬರುತ್ತಾರೆ. ಐಕ್ಯತೆಯ ಸಮಾರಂಭ. ಮೊದಲ ಡ್ರಮ್ಮು ಅವರ ಕೈಯಿಂದಲೇ ಏಳಬೇಕು. ನನಗೆ ಶಾಲು ಹೊದಿಸುತ್ತಾರಂತೆ!

ಇಬ್ಬರೂ ನನ್ನ ಕೋಣೆಯಲ್ಲಿ ಕೈ ಹೊಸೆಯುತ್ತ ನಿಂತಿದ್ದರು.

"ಒಂದು ವಾರ ತಾನೇ ಅಕ್ಕ" ಅಂದ ದೊಡ್ಡವನು. "ಮೇಲಿನವರ ಮಾತು" ಅಂದ ಚಿಕ್ಕವನು.

"ಕಲ್ಲು ಎಸೆಯುವಾಗ ಕಾದಿದ್ದಿರೇನೋ, ಮೇಲಿನವರು ಬಂದು ಮೊದಲ ಕಲ್ಲು ಎಸೆಯಲಿ ಅಂತ?"

ಚಿಕ್ಕವನು ಮೈಕಿನ ವೈರು ಸುತ್ತತೊಡಗಿದ.

"ಒಡೆಯೋಕೆ ನೀವು ಬೇಕಿತ್ತು. ಕೂಡಿಸೋಕೆ ಮಾತ್ರ ಅವರೇ ಬರಬೇಕಾ? ಶಾಲು ಅವರೇ ಹೊದ್ದುಕೊಳ್ಳಲಿ. ನಂಗೆ ಸೆಕೆ."

ಇಳಿದು ಹೋದರು. ಮೆಟ್ಟಿಲಲ್ಲಿ ಏನೋ ಗುಸುಗುಸು. ಏನು ತೀರ್ಮಾನವೋ. ಪಕ್ಷದಿಂದ ಇಬ್ಬರನ್ನೂ ತೆಗೆದುಹಾಕಬಹುದು. ಅದು ಅವರಿಗೆ ಸಣ್ಣ ಮಾತಲ್ಲ, ನನಗೂ ಗೊತ್ತು.

ಮಾರ್ಚ್ ೨೨, ಶನಿವಾರ. ಬೆಳಿಗ್ಗೆ

ಹಲ್ಲುಜ್ಜುತ್ತಿದ್ದೆ. ಕೆಳಗೆ ಗುಡುಗುಡು ಸದ್ದು. ಕಿಟಕಿಗೆ ಬಂದು ನೋಡಿದರೆ — ಅಯ್ಯೋ ನನ್ನಪ್ಪಗಳಿರಾ! ಒಂದು ಡ್ರಮ್ಮು ಅಡ್ಡ ಬಿದ್ದಿದೆ. ಮರಳೆಲ್ಲ ಬೀದಿಗೆ. ಮೇಸ್ತ್ರಿ ಲಾರಿಯ ಹಿಂಬಾಗಿಲು ಇಳಿಸಿದ್ದಾನೆ. ಟೈಲರು, ಹಾಲಿನವಳು, ಕ್ಷೌರದವನು, ಆಚೆ ಖಜಾಂಚಿ... ಯಾರು ಯಾವ ಸಾಲು ತಿಳಿಯುತ್ತಿಲ್ಲ, ಎಲ್ಲರ ಮೈಯೂ ಮರಳು.

ಕಿಟಕಿಯಲ್ಲಿ ನಿಂತೇ ಬರೆಯುತ್ತಿದ್ದೇನೆ. ಎರಡನೆಯದಕ್ಕೆ ತಮ್ಮಂದಿರೇ ಹೆಗಲು ಕೊಟ್ಟಿದ್ದಾರೆ.

"ಎಡಗಡೆ ನಂಗೆ ಕಾಣಲ್ಲ ಕಣೋ, ನೀನು ಹೇಳು!"

"ಇನ್ನೂ ಸ್ವಲ್ಪ ಅಣ್ಣ... ಇನ್ನೂ ಸ್ವಲ್ಪ... ಕಾಲು ನೋಡ್ಕೋ... ಹಾಂ!"

ಬಿತ್ತು ಎರಡನೆಯದು.

ಬೀದಿಯ ತಲೆಯಲ್ಲಿ ಜೀಪು ಬಂದು ನಿಂತಿತು. ಎರಡೂ ಪಕ್ಷದ ಬಾವುಟದ ಕಾರುಗಳೂ ಹಿಂದೆಯೇ. ಬಿಳಿ ಬಟ್ಟೆಯವರು ಇಳಿದು ಕೈ ಬೀಸುತ್ತ ನಿಲ್ಲಿಸಿ ನಿಲ್ಲಿಸಿ ಅನ್ನುತ್ತಿದ್ದಾರೆ. ಇವರಿಬ್ಬರೂ ತಿರುಗಿ ನೋಡಿದರು. ದೊಡ್ಡವನು ಚಿಕ್ಕವನಿಗೆ ಏನೋ ಹೇಳಿದ. ಇಬ್ಬರೂ ಮೂರನೆಯ ಡ್ರಮ್ಮಿಗೆ ಹೆಗಲು ಕೊಟ್ಟರು.

ತಡೆಯಲು ಬಿಳಿ ಬಟ್ಟೆಯವರು ಡ್ರಮ್ಮಿನ ಹತ್ತಿರಕ್ಕೇ ಹೋಗುತ್ತಿದ್ದಾರೆ. ಇರಿ, ನಾನೂ ಬಂದೆ. ಚಪ್ಪಲಿ ಎಲ್ಲಿ ಹಾಳಾ—