ಸಹಿ ಪಟ್ಟಿಯಲ್ಲಿ ಮೊಸರನ್ನ

15 ನವೆಂಬರ್ 1987, ಭಾನುವಾರ. ವಾಲ್ನಟ್ ಕ್ರೀಕ್, ಕ್ಯಾಲಿಫೋರ್ನಿಯಾ.

ಮೂವತ್ತೊಂದು ಸಹಿ ಬಂತೆಂದು ನಿನ್ನೆ ಬೀಗಿದ್ದು ನಾನೇ. ಬೆಳಿಗ್ಗೆ ಕನ್ನಡಕ ಹಾಕಿಕೊಂಡು ನೋಡಿದರೆ ಹೆಸರುಗಳ ಮುಂದೆ ‘ಬಿಸಿಬೇಳೆ ಬಾತ್’, ‘ಕೋಸಂಬರಿ’, ‘ಪೇಪರ್ ಪ್ಲೇಟು’ ಎಂದಿದೆ. ರಾಜ್ಯೋತ್ಸವದ ಊಟದ ಮೇಜಿನ ಮೇಲಿಟ್ಟಿದ್ದ ನನ್ನ ಮನವಿ ಪತ್ರವನ್ನು ಮುಂದಿನ ತಿಂಗಳು ಮನೆಗೊಂದು ಅಡುಗೆ ತರುವ ಪಾಟ್‌ಲಕ್ಕಿನ ಪಟ್ಟಿ ಎಂದುಕೊಂಡಿದ್ದಾರೆ. ಮಣಿಪುರದಲ್ಲಿ ಸೈನಿಕರು ವಾರಂಟಿಲ್ಲದೆ ಮನೆಗೆ ನುಗ್ಗಬಹುದು, ಅನುಮಾನದ ಮೇಲೆ ಗುಂಡು ಹಾರಿಸಬಹುದು ಎನ್ನುವ ಕಾನೂನನ್ನು ತೆಗೆಯಿರಿ ಎಂದು ಮೇಲೆ ದಪ್ಪಕ್ಷರದಲ್ಲೇ ಬರೆದಿದ್ದೆ. ಯಾರೂ ಓದಿಲ್ಲ.

ಹಾಗೇ ದೆಹಲಿಗೆ ಕಳಿಸಿಬಿಡೋಣ ಎಂದು ಒಂದು ಗಳಿಗೆ ಅನ್ನಿಸಿತು. ಆಗಲಿಲ್ಲ. ಒಬ್ಬೊಬ್ಬರಿಗೂ ಫೋನು ಮಾಡಿದೆ.

“ಪಾಸ್‌ಪೋರ್ಟ್ ರಿನ್ಯೂವಲ್ ಇದೆ, ನನ್ನ ಹೆಸರು ತೆಗೆದ್ಬಿಡಿ ಪ್ಲೀಸ್” ಎಂದರು ವಾಸುದೇವ. ಹೊಡೆದುಹಾಕಿದೆ. ಉಳಿದವರದೂ ಹೆಚ್ಚುಕಡಿಮೆ ಅದೇ ಮಾತು. ಸಂಜೆಯ ಹೊತ್ತಿಗೆ ಹೊಡೆದುಹಾಕುವುದು ಅಭ್ಯಾಸವಾಗಿತ್ತು, ಬೇಸರವೂ ಆಗುತ್ತಿರಲಿಲ್ಲ.

ಕೊನೆಗೆ ಉಳಿದವರು ಮಗಳ ಬಾಣಂತನಕ್ಕೆ ಹಾಸನದಿಂದ ಬಂದಿರುವ ಲಿಂಗಮ್ಮ. ಅವರ ಮಗ ಸಿಪಾಯಿ, ಇರುವುದು ಮಣಿಪುರದಲ್ಲೇ. ಅವರು ಫೋನಿಗೆ ಬರುವ ಮೊದಲೇ ಹೆಸರಿನ ಮೇಲೆ ಪೆನ್ನಿಟ್ಟುಕೊಂಡಿದ್ದೆ. ಕಾನೂನು ಏನೆಂದು ಹೇಳಿದೆ.

“ಬರೀ ಅನುಮಾನಕ್ಕೇ ಹೊಡೀಬೌದಾ? ಅಷ್ಟು ಅಧಿಕಾರ ನನ್ ಮಗನ್ ಕೈಗೆ ಬ್ಯಾಡ ಕಣವ್ವ. ಹೆಸ್ರು ಇರ್ಲಿ.”

ನನ್ನದರ ಕೆಳಗೆ ಈಗ ಆ ಒಂದೇ ಹೆಸರಿದೆ. ಮುಂದೆ ‘ಮೊಸರನ್ನ’ ಎಂದಿದೆ. ಹೊಡೆದುಹಾಕಲಿಲ್ಲ. ದೆಹಲಿಗೆ ಅದೂ ಹೋಗಲಿ.