ಒಗ್ಗರಣೆ ಇಲ್ಲದ ವಾರ

ಏಪ್ರಿಲ್ 15, ಮಂಗಳವಾರ, ಬೆಳಗ್ಗೆ

ಟ್ಯಾಂಕರ್ ಇಂದೂ ಇಲ್ಲ. ಪಿಜಿ ಹುಡುಗಿಯರು ಬಕೆಟ್ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಾರೆ. ಇದರ ಮಧ್ಯೆ ತಮಟೆಯವರು ಬಂದು ಊರಿಗೆಲ್ಲ ಹಬ್ಬ ಸಾರಿ ಹೋದರು. ಮುಂದಿನ ಮಂಗಳವಾರ ಊರಮ್ಮನ ಹಬ್ಬ. ಅಂದರೆ ಈ ಗಳಿಗೆಯಿಂದ ಆರತಿ ಮುಗಿಯುವ ತನಕ ಊರೊಳಗೆ ಯಾರೂ ಒಗ್ಗರಣೆ ಹಾಕುವಂತಿಲ್ಲ. ಊರೆಲ್ಲಿದೆ? ರಾಗಿ ಹೊಲವಿದ್ದ ಕಡೆ ಟೆಕ್ ಪಾರ್ಕ್, ಕಣವಿದ್ದ ಕಡೆ ನಮ್ಮದೇ ಪಿಜಿ. ಆದರೆ ಅತ್ತೆ ಪಿಳ್ಳಮ್ಮನವರ ಪ್ರಕಾರ ಊರಿನ ಎಲ್ಲೆಕಲ್ಲು ಇದ್ದಲ್ಲೇ ಇದೆ. ಎಟಿಎಂ ಹಿಂದೆ.

"ನಮ್ ಬಿಲ್ಡಿಂಗ್ನಾಗೆ ಒಂದ್ ಸಾಸ್ವೆ ಸಿಡಿಯಂಗಿಲ್ಲ. ಪಿಜಿಯೋರ್ಗೂ ಏಳ್ಬುಡು."

"ಅವ್ರಿಗೆ ಇದೆಲ್ಲ ಏನ್ ಗೊತ್ತಾಗತ್ತೆ ಅತ್ತೆ?"

"ಗೊತ್ತಾಗ್ದಿದ್ರೆ ನೀನ್ಯಾಕಿದ್ದೀಯ?"

ಮದುವೆಯಾಗಿ ಬಂದಾಗಿನಿಂದ ಇದೇ ಧಾಟಿ.

ಅದೇ ದಿನ, ಸಂಜೆ

ಪಿಜಿ ಅಡುಗೆಯ ಈರಣ್ಣ ಗದಗದ ಕಡೆಯವನು. ವಿಷಯ ಕೇಳಿ ಸೌಟು ಕೆಳಗಿಟ್ಟ. "ಒಗ್ಗರಣಿ ಇಲ್ದ ಪಲ್ಯಾ ಅಂದ್ರ ಬೇಯಿಸಿದ ಹುಲ್ಲರೀ ಮೇಡಂ. ಹುಡುಗ್ಯಾರು ನನ್ನ ಹೊಡೀತಾರ."

ಗ್ರೂಪಿನಲ್ಲಿ ಮೆಸೇಜ್ ಹಾಕಿದೆ. ಒಬ್ಬಳು, "ಜೀರಾ ಓಕೆನಾ ಆಂಟಿ?" ಇನ್ನೊಬ್ಬಳು, "ಏರ್ ಫ್ರೈಯರ್?" ಅತ್ತೆಯನ್ನು ಕೇಳಿದೆ. ಅವರು ಊರ ಯಜಮಾನ ಚಿನ್ನಪ್ಪನವರಿಗೆ ಫೋನ್ ಹಚ್ಚಿದರು. ಕಾಫಿ ಆರುವಷ್ಟು ಹೊತ್ತು ಚರ್ಚೆ. ತೀರ್ಪು: ಸಿಡಿಯುವ ಸದ್ದು ಬಂದರೆ ತಪ್ಪು, ಬರದಿದ್ದರೆ ಇಲ್ಲ. ಹೊರಗಿನಿಂದ ತರಿಸಿದ್ದು ಆ ಹೋಟೆಲಿನವನ ಪಾಪ.

ಹುಚ್ಚು ಹಿಡಿಯುವುದೊಂದು ಬಾಕಿ.

ಏಪ್ರಿಲ್ 17

ಈ ಸಲ ಮೊದಲ ಆರತಿ ನನ್ನ ತಲೆ ಮೇಲೆ. ಇಷ್ಟು ವರ್ಷ ಅತ್ತೆಯೇ ಹೊತ್ತವರು. ಈಗ ಮಂಡಿ ಬಗ್ಗುವುದಿಲ್ಲ. ವಾರಗಿತ್ತಿ ಮಾಲಾಗೇ ಕೊಡುತ್ತಾರೆಂದು ಎಲ್ಲರೂ ಅಂದುಕೊಂಡಿದ್ದರು. ಅವಳು ಇದೇ ಊರವಳು, ಅತ್ತೆಯ ಸ್ವಂತ ಅಣ್ಣನ ಮಗಳು. ನಿನ್ನೆ ಗುಡಿ ಮುಂದೆ ಅತ್ತೆ, "ದೊಡ್ ಸೊಸೆ ಒರ್ತಾಳೆ," ಎಂದರು. ಕಸದ ಗಾಡಿ ಬಂದಿದೆ, ಬಕೆಟ್ ಇಟ್ಟು ಬಾ ಅನ್ನುವ ದನಿಯಲ್ಲೇ.

ಮನೆಗೆ ಬಂದು ಗಂಡನ ಹತ್ತಿರ ರೇಗಿದೆ. ಪಿಜಿ ನೋಡಲೋ, ತಂಬಿಟ್ಟು ಕಟ್ಟಲೋ? ಆಮೇಲೆ ಬಚ್ಚಲ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಬೇಕು ನನಗೆ ಆ ಆರತಿ. ತುಂಬಾ ಬೇಕು. ಮಕ್ಕಳು ಕಾಲೇಜಿಗೆ ಬಂದರೂ ಊರವರ ಬಾಯಲ್ಲಿ ನಾನಿನ್ನೂ ತವರಿನ ಹೆಸರಿನ 'ಲಗ್ಗೆರೆಯೋಳು'. ನನಗೊಂದು ಹೆಸರಿದೆ ಎಂದು ಇವರಿಗೆಲ್ಲ ಗೊತ್ತೇ ಇಲ್ಲವೇನೋ.

ಏಪ್ರಿಲ್ 18

ಮೂರನೇ ಮಹಡಿಯಿಂದ ಚಟಪಟ ಸದ್ದು. ಓಡಿದೆ. ಮೈಕ್ರೋವೇವಿನಲ್ಲಿ ಪಾಪ್‌ಕಾರ್ನ್. ಹುಡುಗಿ ನನಗೂ ಒಂದು ಹಿಡಿ ಕೊಟ್ಟಳು.

ಚಿನ್ನಪ್ಪನವರಿಗೆ ಫೋನ್ ಮಾಡಲಿಲ್ಲ. ಸಾಕು.

ಏಪ್ರಿಲ್ 21, ಸೋಮವಾರ, ಮಧ್ಯಾಹ್ನ

ಹಾಕಿಬಿಟ್ಟೆ. ನಾನೇ!

ಟ್ಯಾಂಕರಿನವನ ಹತ್ತಿರ ಫೋನಿನಲ್ಲಿ ಜಗಳ. ಕಿವಿಗೂ ಭುಜಕ್ಕೂ ಮಧ್ಯೆ ಮೊಬೈಲ್. ಮುಂದೆ ಬೇಳೆ ಸಾರು. ಕೈ ತನ್ನಷ್ಟಕ್ಕೆ ತಾನೇ ಎಣ್ಣೆ, ಸಾಸಿವೆ, ಕರಿಬೇವು... ಚುಂಯ್ ಎಂದಾಗಲೇ ಎಚ್ಚರ. ಇಡೀ ಬಿಲ್ಡಿಂಗನ್ನು ಕಾದವಳು ನಾನು. ನನ್ನ ಕೈಯನ್ನು ಯಾರು ಕಾಯಬೇಕಿತ್ತು?

ಕಿಟಕಿ ತೆರೆದಿತ್ತು. ಹೂವು ಕೊಡಲು ಬಂದ ಮಾಲಾ ಬಾಗಿಲಲ್ಲೇ ನಿಂತಳು. ಹಿಂದೆಯೇ ಚಂದಾ ಕೇಳಲು ಬಂದ ಚಿನ್ನಪ್ಪನವರು. "ಏನಕ್ಕಾ, ಗಮ್ಮಂತೈತೆ?" ಎಂದಳು ಮಾಲಾ. ನಾನು ಒಲೆ ಆರಿಸಿದೆ.

ಅತ್ತೆ ಕೋಣೆಯಿಂದ ಗೋಡೆ ಹಿಡಿದುಕೊಂಡು ಬಂದರು. ಬಾಣಲೆ ನೋಡಿದರು, ನನ್ನನ್ನು ನೋಡಿದರು. "ನಾನೇ ಕಣಪ್ಪ ಚಿನ್ನಪ್ಪ. ವಯಸ್ಸಾತು, ಮರ್ತು ಆಕ್ಬುಟ್ಟೆ. ಇವ್ಳು ಫೋನ್ನಾಗಿದ್ಲು."

ಚಿನ್ನಪ್ಪನವರು ಚಂದಾ ಪುಸ್ತಕ ಮುಚ್ಚಿದರು. "ಮಾಡ್ದೋರ ತಪ್ಪು ಮಾಡ್ದೋರ್ಗೆ, ಪಿಳ್ಳಕ್ಕ. ನಾಳೆ ನೀನು ಒಸ್ಲು ದಾಟಂಗಿಲ್ಲ. ಅಮ್ಮನ ಮುಖ ನೋಡಂಗಿಲ್ಲ," ಎಂದರು.

"ಆಗ್ಲಿ. ಆರತಿ ನನ್ ಸೊಸೆ ಒರ್ತಾಳೆ. ಆಶಾರಾಣಿ."

ಅವರ ಬಾಯಲ್ಲಿ ನನ್ನ ಪೂರ್ತಿ ಹೆಸರು ಕೇಳಿದ್ದು ಇದೇ ಮೊದಲು.

ಬಂದವರಿಬ್ಬರೂ ಹೋದ ಮೇಲೆ ಅತ್ತೆಯ ಮೇಲೆ ಕೂಗಾಡಿದೆ. "ಹಬ್ಬದಲ್ಲಿ ಸುಳ್ಳು ಹೇಳಿದ್ರಲ್ಲ ಅತ್ತೆ! ಯಾರು ಹೇಳು ಅಂದಿದ್ರು?"

"ಅಮ್ಮಂಗ್ ಗೊತ್ತಿಲ್ವಾ? ಬುಡು. ಆ ಸಾರು ಚೆಲ್ಲು ಮೊದ್ಲು."

ಏಪ್ರಿಲ್ 22, ಮಂಗಳವಾರ, ಸಂಜೆ

ತಂಬಿಟ್ಟಿನ ಆರತಿ ಸಿದ್ಧ. ಅತ್ತೆಯೇ ಕೂತು ಹೂವು ಸುತ್ತಿದರು. ನಾನು ಸುತ್ತಿದ್ದನ್ನು ಪೂರ್ತಿ ಬಿಚ್ಚಿ ಮತ್ತೆ ಸುತ್ತಿದರು. ನನ್ನ ನೆರಿಗೆ ಸರಿಯಿಲ್ಲವಂತೆ, ಕುಂಕುಮ ಸಣ್ಣದಂತೆ. "ತಲೆ ಅಲ್ಲಾಡಿಸ್ಬೇಡ. ದೀಪ ಆರ್ಸಿದ್ರೆ ನೋಡು ಮತ್ತೆ!" ಇಂಥವರ ಮೇಲೆ ಪ್ರೀತಿ ಬಂದರೂ ತೋರಿಸಲು ಜಾಗ ಕೊಡುವುದಿಲ್ಲ.

ಮಂಡಿ ನೋವು, ಹೋಗಿ ಏನು ಮಾಡಲಿ ಎಂದು ಬೆಳಗ್ಗೆಯಿಂದ ಅನ್ನುತ್ತಿದ್ದಾರೆ. ನನ್ನ ಗಂಡನನ್ನು ಹೆತ್ತ ವರ್ಷವೂ ಬಾಣಂತಿ ಕೋಣೆಯ ಕಿಟಕಿಯಿಂದಲೇ ಅಮ್ಮನ ಮುಖ ನೋಡಿದವರಂತೆ. ಈಗ ಬಾಗಿಲ ಕಡೆ ಬೆನ್ನು ಹಾಕಿ ಕೂತಿದ್ದಾರೆ. ದೂರದಲ್ಲಿ ತಮಟೆ. ಸೆರಗು ಬಾಯಿಗೆ ಹೋಯಿತು. ನಾನು ನೋಡಲಿಲ್ಲ ಅಂದುಕೊಂಡಿದ್ದಾರೆ.

ಆಗುವುದಿಲ್ಲ ನನಗೆ. ಹೊರಲಾರೆ.

ಮಾಲಾಗೆ ಈಗಷ್ಟೇ ಫೋನ್ ಮಾಡಿದೆ. "ಒಗ್ಗರಣೆ ಹಾಕಿದ್ದು ನಾನು ಕಣೇ. ಚಿನ್ನಪ್ಪನವರಿಗೂ ಹೇಳಿದೆ. ಹೊಸ್ಲು ದಾಟಬಾರದೋಳು ನಾನು, ಆರತಿ ನೀನು ಹೊರ್ಬೇಕು. ರೇಷ್ಮೆ ಸೀರೆ ಉಟ್ಕೊಂಡು ಬೇಗ ಬಾ."

ಹೊಟ್ಟೆ ಉರಿಯುತ್ತಿದೆ, ಸುಳ್ಳೇಕೆ. ಆದರೂ ಬೀರುವಿನಿಂದ ಅತ್ತೆಯ ಹಸಿರು ಸೀರೆ ತೆಗೆದಿಟ್ಟಿದ್ದೇನೆ. ನೋಡಿಬಿಟ್ಟರು.

"ಅದ್ಯಾಕೇ ತೆಗ್ದೆ? ನಾನೆಲ್ಲಿಗ್ ಓಗ್ಲಿ?"

ತಮಟೆ ನಮ್ಮ ಬೀದಿಗೆ ತಿರುಗಿತು. ಬೈಯುತ್ತಾರೆ. ಬೈಯಲಿ. ಮೊದಲು ಅವರನ್ನು ಎಬ್ಬಿಸಿ ಈ ಸೀರೆ ಉಡಿಸಿ ಅಮ್ಮನ ಮುಂದೆ ಕಳಿಸಬೇಕು.